‘ಈ ಕಪ್ಪೆಗೆ ಯಾವ ಕಾಯಿಲೆನೂ ಬರಲ್ಲ ಸಾರ್’: ಗಾಜಿನ ತೊಟ್ಟಿಯಿಂದ ಹೊಳೆಗಿಳಿದ ಬೂಷ್ಟು

ಬೆಂಗಳೂರಿನ ಒಂದು ಅಕ್ವೇರಿಯಂ ಅಂಗಡಿ. ಗೋಲ್ಡ್‌ಫಿಶ್, ಗಪ್ಪಿ, ಏಂಜಲ್‌ಫಿಶ್‌ಗಳ ಸಾಲಿನ ಕೊನೆಗೆ, ನೆಲದ ಹತ್ತಿರ ಒಂದು ಪುಟ್ಟ ಗಾಜಿನ ತೊಟ್ಟಿ. ಒಳಗೆ ಏಳೆಂಟು ಬಿಳಿ ಕಪ್ಪೆಗಳು. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡವು. ಮೈಯೆಲ್ಲ ಮೊಸರಿನ ಬಣ್ಣ, ಕಣ್ಣು ಕೆಂಪು, ಹಿಂಗಾಲಿನ ಬೆರಳ ತುದಿಯಲ್ಲಿ ಚೂರೇ ಚೂರು ಉಗುರು. ಕೈಕಾಲು ಚಾಚಿಕೊಂಡು ನೀರಿನ ನಡುವೆ ಸುಮ್ನೆ ತೇಲುತ್ತಿದ್ದವು. ಅಂಗಡಿಯವರು ಪಕ್ಕದ ತೊಟ್ಟಿಯಲ್ಲಿ ಆಗಷ್ಟೇ ಮೀನು ಹಿಡಿದಿದ್ದ ಬಲೆಯನ್ನೇ ಇಲ್ಲಿಗೂ ಅದ್ದಿ, ಒಂದನ್ನು ಎತ್ತಿ ತೋರಿಸಿದರು.

‘ಸಾಕೋದು ಕಷ್ಟಾನಾ?’ ಎಂದೆ.

‘ಏನೂ ಇಲ್ಲ ಸಾರ್. ಮೀನಿಗಿಂತ ಗಟ್ಟಿ. ಈ ಕಪ್ಪೆಗೆ ಯಾವ ಕಾಯಿಲೆನೂ ಬರಲ್ಲ.’

ಅವರು ಹೇಳಿದ್ದು ಹೆಚ್ಚುಕಮ್ಮಿ ನಿಜ. ತೊಂದರೆ ಶುರುವಾಗುವುದೇ ಅಲ್ಲಿಂದ.

ಆ ಬಿಳಿ ಕಪ್ಪೆಯ ಮೂಲ ಆಫ್ರಿಕಾದ ದಕ್ಷಿಣ ಭಾಗ. ವಿಜ್ಞಾನಿಗಳ ಬಾಯಲ್ಲಿ ಅದು ಜೆನೋಪಸ್ ಲೇವಿಸ್. ಉಗುರಿರುವುದರಿಂದ ನಾವು ಉಗುರುಗಪ್ಪೆ ಎನ್ನೋಣ. ಇದರ ಚರ್ಮದಲ್ಲಿ ಬೂಷ್ಟಿನ ಜಾತಿಗೆ ಸೇರಿದ ಒಂದು ಸೂಕ್ಷ್ಮ ಶಿಲೀಂಧ್ರ ಆರಾಮಾಗಿ ಮನೆ ಮಾಡಿಕೊಂಡಿರಬಹುದು. ಉಗುರುಗಪ್ಪೆಗೆ ಸಾಮಾನ್ಯವಾಗಿ ಅದರಿಂದ ಏನೂ ಆಗುವುದಿಲ್ಲ. ಅದೇ ಬೂಷ್ಟು ಬೇರೆ ಜಾತಿಯ ಕಪ್ಪೆಗೆ ತಗುಲಿದರೆ ಕೆಲವೇ ವಾರಗಳಲ್ಲಿ ಆ ಕಪ್ಪೆ ಸಾಯಬಹುದು. 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ ಈ ರೋಗದಿಂದ ಜಗತ್ತಿನಲ್ಲಿ ಕನಿಷ್ಠ 501 ಜಾತಿಯ ಉಭಯಚರಗಳ ಸಂಖ್ಯೆ ಕುಸಿದಿದೆ. ಅದರಲ್ಲಿ 90 ಜಾತಿಗಳು ಕಾಡಿನಲ್ಲಿ ಪೂರ್ತಿ ಅಳಿದೇ ಹೋಗಿವೆ ಎಂದು ಅಂದಾಜು. ಒಂದೇ ರೋಗ ಇಷ್ಟೊಂದು ಜಾತಿಗಳನ್ನು ನುಂಗಿದ ಇನ್ನೊಂದು ಉದಾಹರಣೆ ದಾಖಲೆಯಲ್ಲಿಲ್ಲ.

ಆ ಅಂಗಡಿಯ ಕಪ್ಪೆಗಳಿಗೆ ಸೋಂಕಿತ್ತು ಅಂತ ನಾನು ಹೇಳುತ್ತಿಲ್ಲ. ಇತ್ತೋ ಇಲ್ಲವೋ ಎಂದು ನೋಡಿ ಹೇಳಲು ಅಂಗಡಿಯವರಿಗೂ ಆಗದು, ನನಗೂ ಆಗದು, ಪಶುವೈದ್ಯರಿಗೂ ಆಗದು. ಈ ರೋಗದ ಇಡೀ ಕಥೆ ನಿಂತಿರುವುದು ಆ ಒಂದು ಮಾತಿನ ಮೇಲೆ.

ಈ ಬೂಷ್ಟಿಗೆ ಹೆಸರು ಬಂದದ್ದೂ ಗಾಜಿನ ಪೆಟ್ಟಿಗೆಯೊಳಗಿನ ಕಪ್ಪೆಯಿಂದಲೇ. 1990ರ ದಶಕದ ಕೊನೆಯ ಭಾಗ. ವಾಷಿಂಗ್ಟನ್‌ನಲ್ಲಿರುವ ಅಮೆರಿಕದ ರಾಷ್ಟ್ರೀಯ ಮೃಗಾಲಯದಲ್ಲಿ ನೀಲಿ ವಿಷಗಪ್ಪೆಗಳು ಸಾಯತೊಡಗಿದವು. ದಕ್ಷಿಣ ಅಮೆರಿಕದ, ಶಾಯಿಯಲ್ಲಿ ಅದ್ದಿ ತೆಗೆದಂತಿರುವ ಕಪ್ಪೆಗಳು ಅವು. ಮೃಗಾಲಯದ ರೋಗತಜ್ಞರಾದ ಡೊನಾಲ್ಡ್ ನಿಕೋಲ್ಸ್ ಮತ್ತು ಅಲನ್ ಪೆಸಿಯರ್ ಸತ್ತ ಕಪ್ಪೆಯ ಚರ್ಮವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಹೊರಪದರದ ಜೀವಕೋಶಗಳ ಒಳಗೆ ದುಂಡುದುಂಡಗೆ ಏನೋ ಇತ್ತು. ಅದನ್ನು ಗುರುತು ಹಿಡಿದವರು ಅಮೆರಿಕದ ಮೈನ್ ವಿಶ್ವವಿದ್ಯಾಲಯದ ಜಾಯ್ಸ್ ಲಾಂಗ್‌ಕೋರ್. ಕಿಟ್ರಿಡ್ ಎಂಬ ಶಿಲೀಂಧ್ರಗಳ ಗುಂಪನ್ನು ಚೆನ್ನಾಗಿ ಬಲ್ಲವರು. ಅಲ್ಲಿಯವರೆಗೆ ಕಿಟ್ರಿಡ್ ಅಂದರೆ ಕೊಳೆತ ಎಲೆ, ಪರಾಗ, ಪಾಚಿಗಳ ಮೇಲೆ ಬದುಕುವ ಬಡಪಾಯಿ ಎಂದೇ ಎಲ್ಲರ ಎಣಿಕೆ. ಬೆನ್ನುಮೂಳೆ ಇರುವ ಪ್ರಾಣಿಯನ್ನು ಕೊಲ್ಲುವ ಕಿಟ್ರಿಡ್ ಇದೆ ಎಂದು ಯಾರೂ ಅಂದುಕೊಂಡಿರಲಿಲ್ಲ. 1999ರಲ್ಲಿ ಮೂವರೂ ಸೇರಿ ಹೆಸರಿಟ್ಟರು: ಬಟ್ರಾಕೊಕಿಟ್ರಿಯಮ್ ಡೆಂಡ್ರೊಬಟಿಡಿಸ್. ನಾಲಿಗೆ ಹೊರಳದವರಿಗೆ ಬಿ.ಡಿ.

ಹೆಸರಿನಲ್ಲಿ ಒಂದು ಸ್ವಾರಸ್ಯ ಇದೆ. ಗ್ರೀಕ್ ಭಾಷೆಯಲ್ಲಿ ಬಟ್ರಾಕೋಸ್ ಅಂದರೆ ಕಪ್ಪೆ, ಕಿಟ್ರಾ ಅಂದರೆ ಮಣ್ಣಿನ ಮಡಕೆ. ಚರ್ಮದೊಳಗೆ ಕೂತ ಈ ಬೂಷ್ಟಿನ ಆಕಾರ ಥೇಟ್ ಮಡಕೆಯದೇ. ನಮ್ಮ ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ತನ್ನ ಮೊಟ್ಟೆಗಳಿಗೆ ಕೈಯಾರೆ ಮಣ್ಣು ಮೆತ್ತುವ ಕಪ್ಪೆಯೊಂದಿದೆ. 2014ರಲ್ಲಿ ಗುರುರಾಜ ಕೆ.ವಿ. ಮತ್ತು ಸಂಗಡಿಗರು ಅದಕ್ಕೆ ಕುಂಬಾರ ಕಪ್ಪೆ ಎಂದೇ ಹೆಸರಿಟ್ಟರು. ಕುಂಬಾರ ಕಪ್ಪೆ ಒಂದು ಕಡೆ, ಮಡಕೆ ಬೂಷ್ಟು ಇನ್ನೊಂದು ಕಡೆ. ಇವೆರಡೂ ಎದುರುಬದುರಾಗುವುದು ಬೇಡ ಎಂಬುದೇ ನನ್ನ ಆಸೆ. ಅದಕ್ಕೆ ಆಮೇಲೆ ಬರೋಣ.

ಹಾಗೆ ನೋಡಿದರೆ ಕಾಡಿನಲ್ಲಿ ಕಪ್ಪೆಗಳು ಅದಕ್ಕೂ ಮೊದಲೇ ಸಾಯುತ್ತಿದ್ದವು. ಆಸ್ಟ್ರೇಲಿಯಾ ಮತ್ತು ಮಧ್ಯ ಅಮೆರಿಕದ ಮಳೆಕಾಡುಗಳಲ್ಲಿ ನಿನ್ನೆಮೊನ್ನೆ ಇದ್ದ ಕಪ್ಪೆಗಳು ಇದ್ದಕ್ಕಿದ್ದಂತೆ ಇಲ್ಲವಾಗಿದ್ದವು. ಅಲ್ಲಿಯೂ ಕೊಂದದ್ದು ಇದೇ ಜಾತಿಯ ಬೂಷ್ಟು ಎಂದು 1998ರಲ್ಲಿ ಲೀ ಬರ್ಗರ್ ಮತ್ತು ಜೊತೆಗಾರರು ತೋರಿಸಿದರು. ಇಷ್ಟು ತಡ ಯಾಕಾಯಿತು ಎಂದರೆ, ಹಳ್ಳದಲ್ಲಿ ಸತ್ತ ಕಪ್ಪೆ ಬಹಳ ಹೊತ್ತು ಉಳಿಯುವುದಿಲ್ಲ. ಏಡಿ ತಿನ್ನುತ್ತದೆ, ಇರುವೆ ಎಳೆಯುತ್ತದೆ, ಇಲ್ಲವೇ ಕೊಳೆತು ನೀರಿನ ಪಾಲಾಗುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಸತ್ತರೆ ಮಾತ್ರ ಬೆಳಿಗ್ಗೆ ಯಾರೋ ಒಬ್ಬರು ನೋಡುತ್ತಾರೆ.

ಅದು ಕೊಲ್ಲುವ ರೀತಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕಪ್ಪೆಗೆ ಚರ್ಮ ಅಂದರೆ ಬರೀ ಹೊದಿಕೆ ಅಲ್ಲ. ಅದು ನೀರು ಕುಡಿಯುವುದು ಬಾಯಿಂದಲ್ಲ, ಹೊಟ್ಟೆಯ ಅಡಿಯ ಮತ್ತು ತೊಡೆಯ ಚರ್ಮದಿಂದ. ಉಸಿರಾಟದ ದೊಡ್ಡ ಪಾಲೂ ಚರ್ಮದಿಂದಲೇ. ಮೈಯಲ್ಲಿ ಉಪ್ಪಿನಂಶ ಎಷ್ಟಿರಬೇಕು ಎಂದು ಕಾಯುವುದೂ ಚರ್ಮವೇ. ಬೂಷ್ಟಿನ ಬೀಜಾಣುವಿಗೆ ಒಂದು ಬಾಲ ಇರುತ್ತದೆ. ಅದು ನೀರಿನಲ್ಲಿ ಒಂದೆರಡು ಸೆಂಟಿಮೀಟರ್ ಈಜಿ, ಚರ್ಮಕ್ಕೆ ಅಂಟಿ, ಹೊರಪದರದ ಕೋಶದೊಳಗೆ ಸೇರಿಕೊಳ್ಳುತ್ತದೆ. ಅಲ್ಲಿ ಮಡಕೆಯಾಗಿ ಊದುತ್ತದೆ. ತಂಪು ಹಿತವಾಗಿದ್ದರೆ ನಾಲ್ಕೈದು ದಿನದಲ್ಲಿ ಮಡಕೆಯೊಳಗೆ ಹೊಸ ಬೀಜಾಣುಗಳು ತುಂಬಿ, ಸಣ್ಣ ಕೊಳವೆಯೊಂದರಿಂದ ಹೊರಗೆ ಬೀಳುತ್ತವೆ. ಕೆಲವು ನೀರಿಗೆ, ಕೆಲವು ಮತ್ತೆ ಅದೇ ಕಪ್ಪೆಯ ಮೈಗೆ. ಹೀಗೆ ಸುತ್ತು ಮೇಲೆ ಸುತ್ತು.

ಚರ್ಮ ದಪ್ಪಗಾಗುತ್ತಾ ಹೋದಂತೆ ಉಪ್ಪಿನ ಲೆಕ್ಕ ತಪ್ಪುತ್ತದೆ. 2009ರಲ್ಲಿ ಜೇಮೀ ವಾಯ್ಲ್ಸ್ ಮತ್ತು ಸಂಗಡಿಗರು ಆಸ್ಟ್ರೇಲಿಯಾದ ಹಸಿರು ಮರಗಪ್ಪೆಗಳ ಮೇಲೆ ಮಾಡಿದ ಅಧ್ಯಯನದಲ್ಲಿ ಇದು ಸ್ಪಷ್ಟವಾಯಿತು. ರೋಗ ಬಲಿತ ಕಪ್ಪೆಯ ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ ಇಳಿದಿದ್ದವು. ಕೊನೆಗೆ ಹೃದಯ ನಿಲ್ಲುತ್ತಿತ್ತು. ವಾಂತಿಭೇದಿಯಾದ ಮಗುವಿಗೆ ನಾವು ಓಆರ್‌ಎಸ್ ಕುಡಿಸುತ್ತೇವಲ್ಲ, ಹೆಚ್ಚುಕಮ್ಮಿ ಅದೇ ರೀತಿ ಆ ಕಪ್ಪೆಗಳ ಬಾಯಿಗೆ ಲವಣದ ದ್ರಾವಣ ಬಿಟ್ಟರು. ಅವು ಉಳಿಯಲಿಲ್ಲ, ಆದರೆ ಬಿಡದಿದ್ದವಕ್ಕಿಂತ ಜಾಸ್ತಿ ಹೊತ್ತು ಬದುಕಿದವು. ಬೂಷ್ಟು ಹೃದಯವನ್ನು ಮುಟ್ಟುವುದೇ ಇಲ್ಲ. ತೊಗಲಿನ ಮೇಲೆ ಕೂತೇ ಅದನ್ನು ನಿಲ್ಲಿಸುತ್ತದೆ.

ಮನೆಯಲ್ಲಿ ಸಾಕಿದವರಿಗೆ ಕಾಣುವುದು ಇಷ್ಟು: ಕಪ್ಪೆ ಸರಿಯಾಗಿ ತಿನ್ನುವುದಿಲ್ಲ. ಮಂಕಾಗಿ, ಹಿಂಗಾಲು ಅಗಲಿಸಿಕೊಂಡು ಕೂರುತ್ತದೆ. ಪದೇ ಪದೇ ಪೊರೆ ಬಿಡುತ್ತದೆ, ತೊಟ್ಟಿಯ ನೀರಿನಲ್ಲಿ ಚರ್ಮದ ತೆಳು ಚೂರುಗಳು ತೇಲುತ್ತವೆ. ಮಗುಚಿ ಹಾಕಿದರೆ ತಾನಾಗಿ ಹೊರಳಿ ಏಳಲು ಆಗುವುದಿಲ್ಲ. ಇಷ್ಟು ಕಾಣುವ ಹೊತ್ತಿಗೆ ಬಹಳ ತಡವಾಗಿರುತ್ತದೆ. ಗೊದಮೊಟ್ಟೆಗಳಲ್ಲಂತೂ ಇದೂ ಕಾಣುವುದಿಲ್ಲ. ಬೂಷ್ಟಿಗೆ ಬೇಕಾದ ಗಡಸು ಚರ್ಮದ ಅಂಶ ಅವುಗಳ ಬಾಯಿಯ ಸುತ್ತ ಮಾತ್ರ ಇರುವುದರಿಂದ ಅವು ಸೋಂಕು ಹೊತ್ತುಕೊಂಡೇ ಬೆಳೆಯುತ್ತವೆ. ಬಾಲ ಕರಗಿ ಕಾಲು ಮೂಡಿ ಕಪ್ಪೆಯಾಗುತ್ತಿದ್ದಂತೆ ರೋಗ ಮೈಯೆಲ್ಲ ಹರಡುತ್ತದೆ. ‘ಗೊದಮೊಟ್ಟೆ ಇದ್ದಾಗ ಚೆನ್ನಾಗಿದ್ದವು, ಮರಿಯಾದ ಮೇಲೆ ಒಂದೂ ಉಳಿಯಲಿಲ್ಲ’ ಎಂದು ಯಾರಾದರೂ ಹೇಳಿದರೆ ಈ ಕಡೆಗೂ ಒಂದು ಅನುಮಾನ ಇರಲಿ.

ಈಗ ಕಾಯಿಲೆ ಬಾರದ ಕಪ್ಪೆಯ ವಿಷಯಕ್ಕೆ ಮರಳೋಣ. 1930ರ ದಶಕದಲ್ಲಿ ಈ ಉಗುರುಗಪ್ಪೆಗೆ ವಿಚಿತ್ರವಾದ ನೌಕರಿ ಸಿಕ್ಕಿತು. ಗರ್ಭಿಣಿಯ ಮೂತ್ರವನ್ನು ಹೆಣ್ಣು ಕಪ್ಪೆಗೆ ಚುಚ್ಚಿದರೆ ಮಾರನೆ ದಿನದೊಳಗೆ ಅದು ಮೊಟ್ಟೆಯಿಡುತ್ತದೆ. ಬಸಿರು ಹೌದೋ ಅಲ್ಲವೋ ಎಂದು ತಿಳಿಯಲು ಆಗ ಇದಕ್ಕಿಂತ ಬೇಗನೆಯ ದಾರಿ ಇರಲಿಲ್ಲ. ಬ್ರಿಟಿಷ್ ವಿಜ್ಞಾನಿ ಲ್ಯಾನ್ಸ್‌ಲಾಟ್ ಹಾಗ್ಬೆನ್ ಹೆಸರಿನಲ್ಲಿ ಈ ಪರೀಕ್ಷೆ ಪ್ರಸಿದ್ಧವಾಯಿತು. 1960ರ ದಶಕದವರೆಗೂ ದಕ್ಷಿಣ ಆಫ್ರಿಕಾದಿಂದ ಈ ಕಪ್ಪೆಗಳು ಜಗತ್ತಿನ ಆಸ್ಪತ್ರೆ, ಪ್ರಯೋಗಾಲಯಗಳಿಗೆ ಪೆಟ್ಟಿಗೆಗಟ್ಟಲೆ ಹೋದವು. ಬೇರೆ ಪರೀಕ್ಷೆ ಬಂದ ಮೇಲೆ ಕೆಲವನ್ನು ಬಿಟ್ಟರು, ಕೆಲವು ತಪ್ಪಿಸಿಕೊಂಡವು. ಇಂದು ಚಿಲಿ, ಕ್ಯಾಲಿಫೋರ್ನಿಯಾ, ಫ್ರಾನ್ಸ್, ಪೋರ್ಚುಗಲ್, ಸಿಸಿಲಿಯ ಕೆರೆಗಳಲ್ಲಿ ಅವು ಊರವರೇ ಆಗಿಬಿಟ್ಟಿವೆ.

ವಸ್ತುಸಂಗ್ರಹಾಲಯದ ಸೀಸೆಯಲ್ಲಿದ್ದ 1938ರ ಒಂದು ಉಗುರುಗಪ್ಪೆಯಲ್ಲಿ ಬಿ.ಡಿ. ಇತ್ತು ಎಂದು 2004ರಲ್ಲಿ ಗೊತ್ತಾದಾಗ, ಕಥೆ ಮುಗಿಯಿತು ಎಂದೇ ಬಹಳ ಜನ ಅಂದುಕೊಂಡರು. ಗರ್ಭಪರೀಕ್ಷೆಯ ಕಪ್ಪೆಯೇ ಕಳ್ಳ! ಪತ್ರಿಕೆಗಳಿಗೂ ಇಷ್ಟವಾಗುವ ಕಥೆ. ಆಮೇಲೆ ಅದಕ್ಕಿಂತ ಹಳೆಯ ಮಾದರಿಗಳು ಬೇರೆ ಖಂಡಗಳಲ್ಲಿ ಸಿಕ್ಕವು. 2018ರಲ್ಲಿ ದೊಡ್ಡ ತಂಡವೊಂದು ಬೂಷ್ಟಿನ ಇಡೀ ಜೀನೋಮ್‌ಗಳನ್ನು ಹೋಲಿಸಿ ನೋಡಿ, ಮೂಲ ಕೊರಿಯಾ ಪರ್ಯಾಯ ದ್ವೀಪದ ಕಡೆಗಿದೆ ಎಂದು ತೋರಿಸಿತು. ಕೊಲೆಗಡುಕ ತಳಿ ಹರಡಲು ಶುರುವಾದದ್ದು 20ನೇ ಶತಮಾನದ ಆರಂಭದಲ್ಲಿ. ಕಪ್ಪೆಗಳ ಸಾಗಾಟ ಜೋರಾದದ್ದೂ ಅದೇ ಕಾಲಕ್ಕೆ. ಹಾಗಾಗಿ ಒಂದೇ ಜಾತಿಯ ಮೇಲೆ ಗೂಬೆ ಕೂರಿಸುವುದು ನನಗೆ ಸರಿ ಕಾಣುವುದಿಲ್ಲ. ಮಾಂಸಕ್ಕಾಗಿ ಸಾಕುವ ಅಮೆರಿಕದ ಬುಲ್‌ಫ್ರಾಗ್ ಇದೆ, ಅದೂ ರೋಗ ತೋರಿಸದೆ ಬೂಷ್ಟು ಹೊರುತ್ತದೆ. ಕೊರಿಯಾದ ಕಡೆಯ ಕೆಂಪುಹೊಟ್ಟೆಯ ಪುಟ್ಟ ಕಪ್ಪೆ ಯುರೋಪ್, ಅಮೆರಿಕದ ಸಾಕುಪ್ರಾಣಿ ಅಂಗಡಿಗಳಲ್ಲಿ ಬಹಳ ಜನಪ್ರಿಯ. ಲಾರಿ, ಹಡಗು, ವಿಮಾನದಲ್ಲಿ ಹೋದದ್ದು ಕಪ್ಪೆ. ಟಿಕೆಟ್ ಇಲ್ಲದೆ ಜೊತೆಗೆ ಹೋದದ್ದು ಬೂಷ್ಟು.

ವ್ಯಾಪಾರಿಗಳನ್ನು ಮಾತ್ರ ಬೈದರೆ ಅನ್ಯಾಯವಾಗುತ್ತದೆ. ಒಳ್ಳೆಯ ಮನಸ್ಸಿನಿಂದ ಸಾಕಿದವರಿಂದಲೂ ರೋಗ ಹರಡಿದೆ. ಸ್ಪೇನಿನ ಮಯೋರ್ಕಾ ದ್ವೀಪದ ಕಥೆ ಕೇಳಿ.

ಅಲ್ಲಿ ತ್ರಮುಂತಾನಾ ಎಂಬ ಬೆಟ್ಟಸಾಲು. ಅದರ ಕಡಿದಾದ ಕಣಿವೆಗಳ ಗುಂಡಿಗಳಲ್ಲಿ ನಾಲ್ಕು ಸೆಂಟಿಮೀಟರನ್ನೂ ಮುಟ್ಟದ ಒಂದು ಕಪ್ಪೆ. ಅಲ್ಲಿಯವರು ಅದನ್ನು ಕರೆಯುವುದು ಫೆರ್ರೆರೆಟ್ ಎಂದು. ಅಂದರೆ ಪುಟ್ಟ ಕಮ್ಮಾರ. ಅದರ ಕೂಗು ಅಡಿಗಲ್ಲಿನ ಮೇಲೆ ಸಣ್ಣ ಸುತ್ತಿಗೆ ಬಿದ್ದಂತೆ ಟಿಣ್ ಟಿಣ್ ಎನ್ನುತ್ತದೆ. ಮೊಟ್ಟೆಗಳ ಸರವನ್ನು ಗಂಡೇ ಹಿಂಗಾಲಿಗೆ ಸುತ್ತಿಕೊಂಡು ಮರಿಯಾಗುವವರೆಗೆ ಹೊತ್ತು ತಿರುಗುತ್ತದೆ. ವಿಜ್ಞಾನಕ್ಕೆ ಇದು ಮೊದಲು ಗೊತ್ತಾದದ್ದು ಪಳೆಯುಳಿಕೆಯಾಗಿ, 1970ರ ದಶಕದಲ್ಲಿ. ಸತ್ತೇಹೋದ ಜಾತಿ ಎಂದುಕೊಂಡಿದ್ದರು. ಸ್ವಲ್ಪದರಲ್ಲೇ ಜೀವಂತ ಕಪ್ಪೆ ಸಿಕ್ಕಿತು. ಇಂಥದ್ದನ್ನು ಉಳಿಸದೆ ಬಿಡುವುದುಂಟೇ? 1980ರ ದಶಕದಲ್ಲಿ ಕೆಲವನ್ನು ಬೇರೆಡೆಗೆ ಒಯ್ದು, ಸಾಕಿ, ಮರಿ ಮಾಡಿಸಿ, ಮತ್ತೆ ಆ ಕಣಿವೆಗಳಿಗೆ ಬಿಡುವ ಕೆಲಸ ಶುರುವಾಯಿತು. ಕಪ್ಪೆ ಉಳಿಸುವವರೆಲ್ಲ ಮಾದರಿಯೆಂದು ತೋರಿಸುತ್ತಿದ್ದ ಯೋಜನೆ ಅದು.

2008ರಲ್ಲಿ ಪ್ರಕಟವಾದ ಅಧ್ಯಯನ ಆ ಖುಷಿಗೆ ತಣ್ಣೀರು ಎರಚಿತು. ಪುಟ್ಟ ಕಮ್ಮಾರನ ಮೈಯಲ್ಲಿ ಬಿ.ಡಿ. ಇತ್ತು. ದ್ವೀಪಕ್ಕೆ ಅದನ್ನು ತಂದದ್ದು, ಸಾಕಿ ಬಿಟ್ಟ ಮರಿಗಳೇ. ಸಾಕಾಣಿಕೆ ಕೇಂದ್ರದಲ್ಲಿ ಅವುಗಳ ಹತ್ತಿರದಲ್ಲೇ ದಕ್ಷಿಣ ಆಫ್ರಿಕಾದ ಕೇಪ್ ಪ್ರದೇಶದ, ಉಗುರುಗಪ್ಪೆಯ ದಾಯಾದಿ ಎನ್ನಬಹುದಾದ ಇನ್ನೊಂದು ಜಾತಿಯನ್ನೂ ಇಟ್ಟಿದ್ದರು. ಅದೂ ಅಪಾಯದ ಅಂಚಿನಲ್ಲಿದ್ದ ಕಪ್ಪೆಯೇ, ಅದನ್ನೂ ಉಳಿಸುವ ಆಸೆ. ನೋಡಲು ಎರಡೂ ಚೆನ್ನಾಗಿಯೇ ಇದ್ದವು. ಯಾರ ತಪ್ಪು ಎಂದು ಹೇಳುವುದು ಕಷ್ಟ. ಆ ಮರಿಗಳನ್ನು ಬಿಡಲು ಶುರು ಮಾಡಿದಾಗ ಈ ರೋಗಕ್ಕೆ ಹೆಸರೇ ಇರಲಿಲ್ಲ.

ಆದರೆ ಮಯೋರ್ಕಾ ಕಥೆಯ ಎರಡನೇ ಭಾಗವೇ ನನಗೆ ಹೆಚ್ಚು ಮುಖ್ಯ ಅನಿಸುವುದು. ಹೈಮೆ ಬೋಷ್ ಎಂಬ ವಿಜ್ಞಾನಿ ಮತ್ತು ತಂಡದವರು ಈ ಬೂಷ್ಟನ್ನು ಅಲ್ಲಿಂದ ಓಡಿಸಲು ಐದು ವರ್ಷ ಹೆಣಗಿದರು. ಸೋಂಕಿದ್ದದ್ದು ಐದು ಗುಂಡಿಗಳಲ್ಲಿ. ಗೊದಮೊಟ್ಟೆಗಳನ್ನು ಹಿಡಿದು ತಂದು, ಇಟ್ರಾಕೊನಜೋಲ್ ಎಂಬ ಶಿಲೀಂಧ್ರನಾಶಕ ಔಷಧಿ ಬೆರೆಸಿದ ನೀರಿನಲ್ಲಿ ಅದ್ದಿ, ವಾಸಿ ಮಾಡಿ, ವಾಪಸ್ ಬಿಟ್ಟರು. ಸೋಂಕು ಮತ್ತೆ ಮೊದಲಿನಷ್ಟೇ ಆಯಿತು. ಆಮೇಲೆ ಗೊದಮೊಟ್ಟೆಗಳಿಗೆ ಔಷಧಿ ಕೊಡುವುದರ ಜೊತೆಗೆ ಗುಂಡಿ, ಬಂಡೆಗಳಿಗೂ ಕ್ರಿಮಿನಾಶಕ ಬಳಸಿ ತೊಳೆದರು. ಆಗ ಐದರಲ್ಲಿ ನಾಲ್ಕು ಗುಂಡಿಗಳಿಂದ ಬೂಷ್ಟು ಹೋಯಿತು. 2015ರಲ್ಲಿ ಇದು ಪ್ರಕಟವಾದಾಗ ದೊಡ್ಡ ಸುದ್ದಿ. ಕಾಡಿನಿಂದ ಈ ರೋಗವನ್ನು ಕಿತ್ತುಹಾಕಿದ್ದು ಅದೇ ಮೊದಲು.

ಈಗ ಆ ಗೆಲುವಿನ ಅಳತೆ ನೋಡಿ. ಒಂದು ದ್ವೀಪ, ಸೋಂಕಿಗೆ ಸಿಗುವ ಉಭಯಚರ ಒಂದೇ ಜಾತಿ, ಐದು ಗುಂಡಿ, ಐದು ವರ್ಷ. ಇದನ್ನೇ ಕುದುರೆಮುಖದ ಒಂದು ಹಳ್ಳದಲ್ಲಿ ಕಲ್ಪಿಸಿಕೊಳ್ಳಿ. ಬಂಡೆಯ ಮೇಲೊಂದು ಜಾತಿ, ಎಲೆಯ ಕೆಳಗೊಂದು, ಮರದ ಮೇಲೊಂದು, ಮಣ್ಣೊಳಗೊಂದು. ಎಲ್ಲವನ್ನೂ ಹಿಡಿದು ಅದ್ದುವುದೆಂದರೆ ಕಪ್ಪೆಗಳನ್ನು ತಕ್ಕಡಿಗೆ ಹಾಕಿದ ಹಾಗೆಯೇ! ಇನ್ನು ಹರಿಯುವ ಹಳ್ಳಕ್ಕೆ ಕ್ರಿಮಿನಾಶಕ ಸುರಿಯುವ ಮಾತಂತೂ ದೂರ ಉಳಿಯಿತು.

ಅದೇ ಗಾಜಿನ ತೊಟ್ಟಿಯಲ್ಲಾದರೆ? ನಮ್ಮ ಯಾವ ಮೆಡಿಕಲ್ ಶಾಪ್‌ನಲ್ಲೂ ಹುಳುಕಡ್ಡಿಗೆ ಕೊಡುವ ಔಷಧಿ ಇಟ್ರಾಕೊನಜೋಲ್. ಅದನ್ನು ಬಹಳ ತೆಳುವಾಗಿ ನೀರಿಗೆ ಬೆರೆಸಿ, ದಿನಕ್ಕೆ ಐದು ನಿಮಿಷದಂತೆ ಹನ್ನೊಂದು ದಿನ ಕಪ್ಪೆಯನ್ನು ಅದ್ದುವುದು ಪ್ರಾಣಿವೈದ್ಯರಲ್ಲಿ ರೂಢಿಯಲ್ಲಿರುವ ಒಂದು ಕ್ರಮ. ಮಾತ್ರೆ ಪುಡಿ ಮಾಡಿ ಮನೆಯಲ್ಲೇ ಪ್ರಯೋಗ ಮಾಡಬೇಡಿ ಮತ್ತೆ. ಪ್ರಮಾಣ ಕೊಂಚ ಜಾಸ್ತಿಯಾದರೂ ಗೊದಮೊಟ್ಟೆ, ಎಳೆ ಮರಿಗಳು ಔಷಧಿಯಿಂದಲೇ ಸಾಯುತ್ತವೆ. ಬಿಸಿ ತಡೆಯುವ ಜಾತಿಯಾದರೆ ಹತ್ತು ದಿನ 30 ಡಿಗ್ರಿಯಲ್ಲಿಟ್ಟು ವಾಸಿ ಮಾಡಿದ್ದೂ ಉಂಟು. ಈ ಬೂಷ್ಟಿಗೆ 17ರಿಂದ 25 ಡಿಗ್ರಿಯ ತಂಪು ಇಷ್ಟ, ಸೆಕೆ ಆಗದು. 2024ರಲ್ಲಿ ಸಿಡ್ನಿಯ ಆಂಟನಿ ವ್ಯಾಡಲ್ ಮತ್ತು ತಂಡ ಇದೇ ಉಪಾಯ ಮಾಡಿತು. ತೂತಿರುವ ಇಟ್ಟಿಗೆಗಳಿಗೆ ಕಪ್ಪು ಬಣ್ಣ ಬಳಿದು, ಪುಟ್ಟ ಹಸಿರುಮನೆಯೊಳಗೆ ಜೋಡಿಸಿ ಬಿಸಿಲಿಗಿಟ್ಟರು. ಕಪ್ಪೆಗಳು ತಾವಾಗಿ ಬಂದು ಇಟ್ಟಿಗೆಯ ತೂತುಗಳಲ್ಲಿ ಕೂತು ಮೈ ಕಾಯಿಸಿಕೊಂಡವು, ಸೋಂಕು ಕಳೆದುಕೊಂಡವು. ಹಾಗೆ ಒಮ್ಮೆ ವಾಸಿಯಾದವು ಮುಂದಿನ ಸೋಂಕನ್ನೂ ಚೆನ್ನಾಗಿ ತಡೆದುಕೊಂಡವು. ಇಟ್ಟಿಗೆಯಂಥ ಅಗ್ಗದ ಸಾಮಾನಿನಿಂದ ಇಷ್ಟಾಯಿತಲ್ಲ ಎಂದು ನನಗೆ ಬಹಳ ಖುಷಿಯಾಯಿತು.

ಆದರೆ ಎಲ್ಲಕ್ಕೂ ಬಿಸಿ ಹಿಡಿಸುವುದಿಲ್ಲ. ಬೆಂಗಳೂರಿನ ಫ್ಲ್ಯಾಟ್‌ಗಳಲ್ಲಿ ಈಗ ಆಕ್ಸೊಲಾಟಲ್ ಸಾಕುವವರಿದ್ದಾರೆ. ಕಿವಿಯ ಹತ್ತಿರ ಗರಿಯಂತೆ ಕಿವಿರು ಇರುವ, ಸದಾ ನಗುವಂತೆ ಕಾಣುವ ಮೆಕ್ಸಿಕೋದ ಸಲಮಾಂಡರ್, ಅಂದರೆ ಕಪ್ಪೆಯ ಬಳಗದ್ದೇ ಆದ, ಬಾಲವಿರುವ ಉಭಯಚರ. ಅದಕ್ಕೆ 16ರಿಂದ 18 ಡಿಗ್ರಿ ತಣ್ಣನೆಯ ನೀರೇ ಬೇಕು. ಏಪ್ರಿಲ್‌ನಲ್ಲಿ ತೊಟ್ಟಿಗೆ ಐಸ್ ಬಾಟಲಿ ಇಳಿಬಿಡುವವರನ್ನು ನೋಡಿದ್ದೇನೆ. ಬೂಷ್ಟಿಗೂ ಅದೇ ತಂಪು ಹಿತ. ಇಲ್ಲಿ ಇನ್ನೊಂದು ಗೊಂದಲವನ್ನೂ ಬಿಡಿಸಿಬಿಡೋಣ. ಆಕ್ಸೊಲಾಟಲ್ ಮೈಮೇಲೆ, ಕಿವಿರಿನ ಮೇಲೆ ಹತ್ತಿಯಂಥ ಬಿಳಿ ಉಂಡೆ ಕಂಡರೆ ‘ಫಂಗಸ್ ಬಂತು’ ಎಂದು ಎಲ್ಲರೂ ಗಾಬರಿಯಾಗುತ್ತಾರೆ. ಅದು ಸಾಮಾನ್ಯವಾಗಿ ಸಪ್ರೊಲೆಗ್ನಿಯಾ ಎಂಬ ನೀರುಬೂಷ್ಟು. ಗಾಯವಾದಲ್ಲಿ, ನೀರು ಕೊಳೆಯಾದಲ್ಲಿ ಬರುತ್ತದೆ, ನೀರು ಸರಿಪಡಿಸಿ ಚಿಕಿತ್ಸೆ ಕೊಟ್ಟರೆ ಬಹಳ ಸಲ ಹೋಗುತ್ತದೆ. ಕಣ್ಣಿಗೆ ಕಾಣುವ ಈ ಬೂಷ್ಟಿಗೆ ಎಲ್ಲರೂ ಹೆದರುತ್ತಾರೆ. ಕಾಣದ ಬಿ.ಡಿ.ಯನ್ನು ಆಕ್ಸೊಲಾಟಲ್ ಏನೂ ಆಗದಂತೆ ಹೊತ್ತಿರಬಹುದು, ಅದರ ಕಡೆಗೆ ಯಾರ ಗಮನವೂ ಇಲ್ಲ.

ಬದುಕಿರುವ ಪ್ರಾಣಿಯಲ್ಲಿ ಬಿ.ಡಿ. ಇದೆಯೋ ಇಲ್ಲವೋ ತಿಳಿಯಲು ರೂಢಿಯಲ್ಲಿರುವ ದಾರಿ ಇದು. ಕೋವಿಡ್ ಕಾಲದಲ್ಲಿ ನಮ್ಮ ಮೂಗಿಗೆ ಹಾಕಿದಂಥದ್ದೇ ಹತ್ತಿಕಡ್ಡಿಯನ್ನು ಕಪ್ಪೆಯ ಹೊಟ್ಟೆ, ತೊಡೆ, ಬೆರಳುಗಳಿಗೆ ಸವರಿ ಪಿಸಿಆರ್ ಪರೀಕ್ಷೆಗೆ ಕಳಿಸುವುದು. ಹೊಸ ಪ್ರಾಣಿಯನ್ನು ಹಳೆಯದರ ಜೊತೆ ಸೇರಿಸುವ ಮೊದಲು ಕೆಲವು ವಾರ ಬೇರೆ ತೊಟ್ಟಿ, ಬೇರೆ ಬಲೆ, ಬೇರೆ ಬಕೆಟ್. ಯುರೋಪಿನಲ್ಲಿ ಸಲಮಾಂಡರ್‌ಗಳಿಗೆ ಇದನ್ನು ಕಾನೂನೇ ಮಾಡಿದರು. ಅದಕ್ಕೊಂದು ಕಾರಣವಿತ್ತು.

ನೆದರ್ಲೆಂಡ್ಸ್‌ನ ದಕ್ಷಿಣ ತುದಿಯಲ್ಲಿ ಬುಂಡರ್‌ಬೋಸ್ ಎಂಬ ಸಣ್ಣ ಕಾಡು. ಕಪ್ಪು ಮೈಮೇಲೆ ಹಳದಿ ಪಟ್ಟೆಯ ಬೆಂಕಿ ಸಲಮಾಂಡರ್‌ಗಳ ಊರು. 2008ರಿಂದ ಅಲ್ಲಿ ಸತ್ತ ಸಲಮಾಂಡರ್‌ಗಳು ಸಿಗತೊಡಗಿದವು. ಕೆಲವೇ ವರ್ಷಗಳಲ್ಲಿ ಅವು ಹೆಚ್ಚುಕಮ್ಮಿ ಇಲ್ಲವೇ ಆದವು. ಉಳಿದ 39ನ್ನು ಹಿಡಿದು ಒಳಗಿಟ್ಟರು. ಅಲ್ಲಿಯೂ ಅರ್ಧದಷ್ಟು ಸತ್ತವು. 2013ರಲ್ಲಿ ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ ಆನ್ ಮಾರ್ಟೆಲ್, ಫ್ರಾಂಕ್ ಪಾಸ್ಮನ್ಸ್ ಮತ್ತಿತರರು ಇದು ಬಿ.ಡಿ.ಯ ತಮ್ಮನಂಥ ಇನ್ನೊಂದು ಹೊಸ ಜಾತಿ ಎಂದು ಕಂಡುಹಿಡಿದರು. ಸಲಮಾಂಡರನ್ನು ತಿನ್ನುವುದರಿಂದ ಅದರ ಹೆಸರೇ ಸಲಮಾಂಡ್ರಿವೊರಾನ್ಸ್, ಚಿಕ್ಕದಾಗಿ ಬಿ-ಸಾಲ್. ಇದರ ಮೂಲವೂ ಏಷ್ಯಾ, ಯುರೋಪಿಗೆ ಬಂದ ದಾರಿಯೂ ಬಹುಮಟ್ಟಿಗೆ ಸಾಕುಪ್ರಾಣಿ ವ್ಯಾಪಾರ. ಆಮೇಲೆ ಹಲವು ದೇಶಗಳಲ್ಲಿ ಮನೆಯಲ್ಲಿ ಸಾಕಿದ ಸಲಮಾಂಡರ್‌ಗಳಲ್ಲೂ ಇದು ಸಿಕ್ಕಿತು.

ಅಮೆರಿಕ ಈ ವಿಷಯದಲ್ಲಿ ಜಾಣತನ ತೋರಿಸಿತು ಎಂದೇ ಹೇಳಬೇಕು. ಅಲ್ಲಿ ಬಿ-ಸಾಲ್ ಪತ್ತೆಯಾಗಿರದಿದ್ದರೂ, 2016ರ ಜನವರಿಯಲ್ಲಿ 201 ಜಾತಿಯ ಸಲಮಾಂಡರ್‌ಗಳ ಆಮದಿಗೆ ತಡೆ ಹಾಕಿತು. ಮರುವರ್ಷ ಕೆನಡಾ ಎಲ್ಲ ಸಲಮಾಂಡರ್‌ಗಳಿಗೂ ನಿರ್ಬಂಧ ಹೇರಿತು. 2018ರಲ್ಲಿ ಯುರೋಪಿನ ನಿಯಮ ಬಂತು. ಬಿ.ಡಿ. ವಿಷಯದಲ್ಲಿ ಮಾತ್ರ ಎಲ್ಲರದ್ದೂ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಕಥೆ.

ನಮ್ಮಲ್ಲಿ? 2022ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿಯಾಯಿತು. 2024ರಲ್ಲಿ ಬಂದ ನಿಯಮಗಳ ಪ್ರಕಾರ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸಂಬಂಧಿಸಿದ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಜೀವಂತ ಪ್ರಾಣಿಗಳನ್ನು ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಆಕ್ಸೊಲಾಟಲ್ ಆ ಪಟ್ಟಿಯಲ್ಲಿದೆ. ನೀಲಿ ವಿಷಗಪ್ಪೆಯೂ ಇದೆ. ಬಿಳಿ ಉಗುರುಗಪ್ಪೆ ಇಲ್ಲ. ಅದು ತಪ್ಪೆಂದೂ ಹೇಳಲಾಗದು. ಅಳಿಯುವ ಪ್ರಾಣಿಯನ್ನು ವ್ಯಾಪಾರದಿಂದ ಕಾಯಲು ಮಾಡಿದ ಪಟ್ಟಿ ಅದು, ರೋಗ ಹೊರುವ ಪ್ರಾಣಿಯನ್ನು ಗುರುತಿಸಲು ಮಾಡಿದ್ದಲ್ಲ. ಉಗುರುಗಪ್ಪೆಗೆ ಅಳಿಯುವ ಭಯ ಇಲ್ಲ, ಹಾಗಾಗಿ ಪಟ್ಟಿಯಲ್ಲೂ ಇಲ್ಲ. ಜಾಸ್ತಿ ಕಣ್ಣಿಡಬೇಕಾದದ್ದೇ ಹೀಗೆ ಜಾಲರಿಯ ಸಂದಿಯಲ್ಲಿ ನುಸುಳಿಬಿಡುತ್ತದೆ.

‘ಬಿ.ಡಿ. ನಮ್ಮ ಪಶ್ಚಿಮ ಘಟ್ಟದಲ್ಲಿ ಈಗಾಗಲೇ ಇದೆಯಂತಲ್ಲ, ಇನ್ನೇನು ಹೊಸದಾಗಿ ಬರೋದು?’ ಎಂದು ಕೇಳುವವರಿದ್ದಾರೆ. ಹೌದು, ಇದೆ. 2011ರಲ್ಲಿ ಕೇರಳದ ಕಡೆಯ ಕಪ್ಪೆಯಲ್ಲಿ, 2013ರಲ್ಲಿ ಉತ್ತರದ ಘಟ್ಟಗಳ ಕಪ್ಪೆಗಳಲ್ಲಿ ಅದು ವರದಿಯಾಗಿದೆ. ಆದರೂ ಪನಾಮಾ, ಆಸ್ಟ್ರೇಲಿಯಾಗಳಲ್ಲಿ ಕಂಡಂಥ ಸಾಮೂಹಿಕ ಸಾವು ಇಲ್ಲಿ ದಾಖಲಾಗಿಲ್ಲ. 2013ರ ಅಧ್ಯಯನದಲ್ಲಿ ಸಿಕ್ಕಿದ್ದು ಏಷ್ಯಾದ್ದೇ ಆದ ತಳಿ. ಕೊರಿಯಾದಲ್ಲೂ ಹಾಗೆಯೇ, ಬೂಷ್ಟು ಇದೆ, ಹೆಣಗಳ ರಾಶಿ ಇಲ್ಲ. ಬಹಳ ಕಾಲ ಜೊತೆಗಿದ್ದು ಕಪ್ಪೆಗೂ ಬೂಷ್ಟಿಗೂ ಒಂದು ರೀತಿಯ ಹೊಂದಾಣಿಕೆ ಆಗಿರಬಹುದು. ಜಗತ್ತನ್ನು ಸುತ್ತಿ ಕೊಂದ ತಳಿಯೇ ಬೇರೆ. ಎರಡು ತಳಿಗಳು ಒಂದೇ ಕಡೆ ಸೇರಿದರೆ ಬೆರಕೆ ತಳಿ ಹುಟ್ಟುತ್ತದೆ ಎಂಬುದು ಬ್ರೆಜಿಲ್‌ನಲ್ಲಿ ಕಂಡ ಸಂಗತಿ. ಮನೆಯಲ್ಲಿ ಸಾಧು ನಾಯಿ ಇದೆ ಎಂದು ಬೀದಿಯ ಹುಚ್ಚುನಾಯಿಗೆ ಬಾಗಿಲು ತೆಗೆಯುತ್ತೇವಾ?

ಘಟ್ಟದ ಹಳ್ಳಗಳ ತಂಪು ಈ ಬೂಷ್ಟಿಗೆ ಹೇಳಿ ಮಾಡಿಸಿದಂತಿದೆ. ಕುಂಬಾರ ಕಪ್ಪೆಯಂಥ ಎಷ್ಟೋ ಜಾತಿಗಳು ಈ ಘಟ್ಟ ಬಿಟ್ಟರೆ ಜಗತ್ತಿನ ಇನ್ನೆಲ್ಲೂ ಇಲ್ಲ. ಬೆಂಗಳೂರಿನ ಅಂಗಡಿಗೂ ಕತ್ತಲೆಕಾನಿಗೂ ಎಲ್ಲಿಂದೆಲ್ಲಿಯ ಸಂಬಂಧ ಅನಿಸಬಹುದು. ಆದರೆ ತೊಟ್ಟಿಯ ಮೀನು ದೊಡ್ಡದಾಯಿತು, ‘ಪಾಪ, ಸಾಯಿಸೋದು ಬೇಡ, ಕೆರೆಗೆ ಬಿಡೋಣ’ ಎನ್ನುವ ಜನ ನಾವು. ಬೆಂಗಳೂರಿನ ಕೆರೆಗಳಲ್ಲಿ ಕೆಂಪುಕಿವಿಯ ಅಮೆರಿಕದ ಆಮೆ, ಗಾಜು ನೆಕ್ಕುವ ಸಕ್ಕರ್ ಮೀನು ಸೇರಿಕೊಂಡದ್ದು ಹೀಗೆಯೇ. ಕಪ್ಪೆಯನ್ನು ಬಿಡುವುದೇ ಬೇಕಿಲ್ಲ. ಅದು ಇದ್ದ ನೀರು ಸಾಕು. ಹೊರಟ ಗಾಡಿಯಲ್ಲಿ ಶಿರಸಿಯ ಅಕ್ವೇರಿಯಂಗೆ ಒಂದು ಪ್ಲಾಸ್ಟಿಕ್ ಚೀಲ ಹೋದರೆ ಮುಗಿಯಿತು.

ಬೂಷ್ಟು ಕೆಲವು ವಿಷಯಗಳಲ್ಲಿ ಮಾತ್ರ ಬಹಳ ದುರ್ಬಲ. ಒಣಗಿದರೆ ಬೇಗ ಸಾಯುತ್ತದೆ. 60 ಡಿಗ್ರಿ ಬಿಸಿನೀರಿಗೆ ಐದು ನಿಮಿಷ ತಡೆಯದು. ಬ್ಲೀಚಿಗೂ ಅಷ್ಟೇ. ಹಾಗಾಗಿ ಬಲೆ, ಕಲ್ಲು, ಪೈಪುಗಳನ್ನು ಕುದಿನೀರಿನಲ್ಲಿ ತೊಳೆದು ಬಿಸಿಲಿಗಿಡುವುದು, ತೊಟ್ಟಿಯ ಹಳೆ ನೀರಿಗೆ ಬ್ಲೀಚ್ ಹಾಕಿ ಬಹಳ ಹೊತ್ತು ಬಿಟ್ಟು ಆಮೇಲೆ ಬಚ್ಚಲಿಗೆ ಚೆಲ್ಲುವುದು, ಗಿಡಕ್ಕೆ, ಚರಂಡಿಗೆ, ಕೆರೆಗೆ ಸುರಿಯದಿರುವುದು, ಇಷ್ಟಕ್ಕೆ ದೊಡ್ಡ ಖರ್ಚೇನೂ ಇಲ್ಲ. ನನ್ನ ಸ್ನೇಹಿತನೊಬ್ಬ ಆಕ್ಸೊಲಾಟಲ್ ಸಾಕಿದ್ದಾನೆ. ವಾರಕ್ಕೆರಡು ಸಲ ತೆಗೆದ ನೀರನ್ನು ಬಾಲ್ಕನಿಯ ಗಿಡಗಳಿಗೆ ಹಾಕುತ್ತಿದ್ದ, ಒಳ್ಳೆ ಗೊಬ್ಬರ ಅಂತ. ಈಗ ಮುಚ್ಚಳವಿರುವ ಒಂದು ಕೆಂಪು ಬಕೆಟ್ ತಂದಿಟ್ಟಿದ್ದಾನೆ. ರಾತ್ರಿ ಬ್ಲೀಚ್ ಹಾಕಿಟ್ಟು ಬೆಳಿಗ್ಗೆ ಬಚ್ಚಲಿಗೆ ಸುರಿಯುತ್ತಾನೆ. ಅವನ ಹೆಂಡತಿಗೆ ಬ್ಲೀಚಿನ ವಾಸನೆ ಆಗದು, ಅದೊಂದು ಜಗಳ ಇನ್ನೂ ಬಗೆಹರಿದಿಲ್ಲ.

ಅಕ್ವೇರಿಯಂ ಅಂಗಡಿಯಿಂದ ಹೊರಡುವಾಗ ಕೇಳಿದ್ದೆ, ‘ತೊಟ್ಟಿ ನೀರು ಎಲ್ಲಿಗೆ ಬಿಡ್ತೀರಿ?’

‘ಇಲ್ಲೇ ಸಾರ್,’ ಎಂದು ಬಾಗಿಲ ಮುಂದಿನ ಮೋರಿ ತೋರಿಸಿದರು. ಮಳೆ ಶುರುವಾಗಿತ್ತು. ಮೋರಿ ತುಂಬಿ ರಾಜಕಾಲುವೆಯ ಕಡೆ ಓಡುತ್ತಿತ್ತು.